ಕೆಂಪು ಬಿಟ್ಟುಹೋದ ಪುಸ್ತಕ

ಕೊಡಿಗೇಹಳ್ಳಿಯಲ್ಲಿ ಎಲ್ಲಾದರೂ ಹಳೇ ಕಾಲದ ಅಂಗಡಿ ಬೋರ್ಡು ಕಂಡರೆ ಅದರ ಬಲಗಡೆ ಮೂಲೆ ನೋಡಿ. ‘ಮುನಿ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ನಮ್ಮ ಮುನೀಂದ್ರಣ್ಣ. ಹಿಟ್ಟಿನ ಗಿರಣಿ, ಸೈಕಲ್ ಶಾಪು, ಸೊಸೈಟಿ, ಸ್ಕೂಲಿನ ಕಾಂಪೌಂಡು, ಇವರ ಬ್ರಷ್ಷು ಮುಟ್ಟದ ಗೋಡೆ ಊರಲ್ಲಿ ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ತಂದ ಪುಣ್ಯಾತ್ಮ ನಾನೇ. ಹೆಸರು ವಿಜಯ್ ಕುಮಾರ್, ಮೇನ್ ರೋಡಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅವರು ಮೂರು ದಿನ ಕೂತು ಬರೆಯುತ್ತಿದ್ದ ಬೋರ್ಡನ್ನು ನನ್ನ ಮೆಷಿನ್ನು ಹತ್ತು ನಿಮಿಷದಲ್ಲಿ ಉಗುಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಅಂಗಡಿ ಮುಂದೆ ನಿಂತು ಹಿಡಿಶಾಪ ಹಾಕುತ್ತಿದ್ದರು. ಇವರು ದಿನಾ ಹನ್ನೊಂದು ಗಂಟೆಗೆ ಬಂದು ಟೀ ಕುಡಿದು, “ಏನೋ ವಿಜಿ, ನಿನ್ ಮೆಷಿನ್ ಬರೆದಿರೋ ‘ಳ’ ಯಾಕೋ ಹೊಟ್ಟೆನೋವು ಬಂದೋರ್ ಥರ ಬಗ್ಗೈತೆ” ಅಂತ ರೇಗಿಸಿ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವರು ಹೇಳಿದ್ದು ನಿಜವೇ ಆಗಿರುತ್ತಿತ್ತು, ಉರಿಗೆ ಅದೇ ಕಾರಣ.

ಬೋರ್ಡು ಬರೆಯುವವರಿಗೆ ಒಂದು ಕ್ರಮ ಇದೆ. ಮೊದಲು ಕಪ್ಪು ಬಣ್ಣದ ಕೆಲಸವನ್ನೆಲ್ಲ ಮುಗಿಸಬೇಕು, ಅದು ಒಣಗಬೇಕು, ಆಮೇಲೆ ಕೆಂಪಿನ ಡಬ್ಬಿ ತೆಗೆಯಬೇಕು. ಎರಡೂ ಬಣ್ಣ ಒಟ್ಟಿಗೆ ತೆರೆದುಕೊಂಡು ಕೂತವನು ಕೆಲಸ ಕೆಡಿಸುತ್ತಾನೆ ಅನ್ನುವುದು ಮುನೀಂದ್ರಣ್ಣನ ನಂಬಿಕೆ. ನಲವತ್ತು ವರ್ಷ ಹಾಗೇ ಬರೆದವರು, ಐವತ್ತೈದಕ್ಕೆ ಬೋರ್ಡಿನ ಕೆಲಸ ಪೂರ್ತಿ ನಿಂತ ಮೇಲೆ ಕಾಗದದ ಮೇಲೂ ಹಾಗೇ ಬರೆಯತೊಡಗಿದರು. ಏನು ಬರೆಯುತ್ತಿದ್ದಾರೆ ಅಂತ ಮೂರು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ದಿನ ಒಂದು ಕಟ್ಟು ಹಾಳೆ ತಂದು ನನ್ನ ಟೇಬಲ್ ಮೇಲೆ ಇಟ್ಟರು.

‘ಬಾವಿ ಬೀದಿ’ ಅಂತ ಹೆಸರು. ಈಗಿನ ಹುಡುಗರು ಗ್ರಾಫಿಕ್ ನಾವೆಲ್ ಅನ್ನುತ್ತಾರೆ, ನಮ್ಮ ಬೀದಿಯವರ ಬಾಯಲ್ಲಿ ಅದು ಬೊಂಬೆ ಪುಸ್ತಕ. ಅವರು ಹುಡುಗರಾಗಿದ್ದಾಗ ಇಡೀ ಬೀದಿಗೆ ಇದ್ದ ಒಂದೇ ಸಿಹಿನೀರಿನ ಬಾವಿ, ಅಲ್ಲಿಗೆ ಬರುತ್ತಿದ್ದ ಮೂವತ್ತೆಂಟು ಹೆಂಗಸರು, ಅವರ ಜಗಳ, ನಗು, ಬಸುರು, ಬಾಣಂತನ. ಯಾರ ಮುಖವನ್ನೂ ಮರೆಸಿರಲಿಲ್ಲ. ನನ್ನ ಅಜ್ಜಿ ಕೊಡ ಕುಕ್ಕಿ ಬೈಯುತ್ತಿರುವ ಪುಟಕ್ಕೆ ನಾನು ಮೂರು ಸಲ ವಾಪಸ್ ಬಂದೆ, ಸುಳ್ಳು ಯಾಕೆ ಹೇಳಲಿ.

ಅದರಲ್ಲಿ ಒಂದು ಪುಟ ಅವರ ಅಕ್ಕ ಮುನಿಕೃಷ್ಣಮ್ಮನದು. ತಾಯಿ ಸತ್ತಾಗ ಮುನೀಂದ್ರಣ್ಣನಿಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ಅವತ್ತಿಂದ ಅನ್ನ ಇಕ್ಕಿದ್ದು, ಜ್ವರ ಬಂದರೆ ತೊಡೆ ಮೇಲೆ ಹಾಕಿಕೊಂಡಿದ್ದು, ಸ್ಲೇಟಿನ ಮೇಲೆ ಬರೆದ ಮೊದಲ ಬೊಂಬೆಗೆ ಶಭಾಶ್ ಅಂದಿದ್ದು ಎಲ್ಲ ಆಕೆಯೇ. ಅಕ್ಕನನ್ನು ರಾಜಾನುಕುಂಟೆಗೆ ಕೊಟ್ಟರು. ಮದುವೆಯಾಗಿ ಮೊದಲ ಸಲ ತವರಿಗೆ ಬಂದ ದಿನದ ಚಿತ್ರ ಅದು: ಭಾವ ಕೃಷ್ಣಯ್ಯ ಸೈಕಲ್ ಹಿಡಿದು ನಿಂತಿದ್ದಾರೆ, ಅಕ್ಕ ಹೊಸ ಸೀರೆಯಲ್ಲೇ ಬಾವಿಗೆ ಓಡಿ ಬಂದು ಹಗ್ಗ ಹಿಡಿದಿದ್ದಾಳೆ.

ಇನ್ನು ನನ್ನ ಘನಂದಾರಿ ಕೆಲಸ ಕೇಳಿ. ಪುಟ ಜೋಡಿಸಿ ಪ್ರೆಸ್ಸಿಗೆ ಕಳಿಸುವ ಹೊಣೆ ನನ್ನದು. ಕಪ್ಪಿನ ಹಾಳೆಗಳನ್ನು ಮೊದಲು ಕೊಟ್ಟಿದ್ದರು. ಹದಿನೈದು ದಿನ ಬಿಟ್ಟು, ನಾನು ಅಂಗಡಿಯಲ್ಲಿ ಇಲ್ಲದಾಗ, ಕೆಂಪಿನ ಹಾಳೆಗಳ ಕವರು ಇಟ್ಟು ಹೋಗಿದ್ದಾರೆ. ಗಣೇಶನ ಹಬ್ಬದ ಫ್ಲೆಕ್ಸುಗಳ ನಡುವೆ ನಾನು ಅದನ್ನು ತೆರೆದು ನೋಡಿದೆ. ತೆಳು ಟ್ರೇಸಿಂಗ್ ಪೇಪರುಗಳು, ಒಂದೊಂದರಲ್ಲೂ ಎರಡು ಮೂರು ಕೆಂಪು ಚುಕ್ಕೆ, ಅಷ್ಟೇ. ಬ್ರಷ್ಷು ಒರೆಸಿದ ಕಾಗದ ಅಂದುಕೊಂಡು ಅಟ್ಟದ ಮೇಲೆ ಎಸೆದೆ. ಪ್ರೂಫು ತೋರಿಸಿದಾಗಲಾದರೂ ಅವರು ಕೇಳಬಾರದಿತ್ತೇ? ಕೇಳಲಿಲ್ಲ. ಕಪ್ಪು ಮೊದಲು, ಕೆಂಪು ಆಮೇಲೆ, ಪ್ರೆಸ್ಸಿನವರೂ ಹಾಗೇ ಮಾಡುತ್ತಾರೆ ಅಂತ ಆ ಮನುಷ್ಯ ನಂಬಿದ್ದರು. ಐನೂರು ಪುಸ್ತಕ ಬರೀ ಕಪ್ಪಿನಲ್ಲಿ ಅಚ್ಚಾಗಿ, ಬಿಡುಗಡೆಯ ದಿನ ಬೆಳಿಗ್ಗೆ ನೇರ ಹಾಲ್‌ಗೇ ಬಂದು ಇಳಿದವು.

ಮೊದಲ ಪ್ರತಿ ಅಕ್ಕನ ಕೈಗೆ ಅಂತ ಮುನೀಂದ್ರಣ್ಣ ಹಟ ಹಿಡಿದಿದ್ದರು. ಭಾವನಿಗೆ ಹೃದಯದ ಆಪರೇಷನ್ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಆದರೂ ತಮ್ಮನ ಪುಸ್ತಕ ಅಂತ ಆಕೆ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೈಗೆ ಕೊಟ್ಟ ಪುಸ್ತಕದಲ್ಲಿ ತನ್ನ ಪುಟ ಹುಡುಕಿದರು. ನೋಡಿದರು. ಮುಖ ಕಪ್ಪಿಟ್ಟಿತು.

“ಏನ್ಲಾ ಮುನ್ಯಾ ಇದು? ನಿಮ್ ಭಾವ ಪಕ್ಕದಾಗೇ ನಿಂತವ್ರೆ, ನನ್ನ ಬೋಳು ಅಣೇಲಿ ನಿಲ್ಸಿದೀಯಲ್ಲ! ಅವ್ರು ಇನ್ನೂ ಬದ್ಕವ್ರೆ ಕಣ್ಲಾ. ಇಂಗೆ ಬರ್ದು ನನ್ ಕೈಗೇ ಕೊಡೋಕೆ ನಿಂಗೆ ಮನ್ಸಾದ್ರೂ ಎಂಗ್ ಬಂತೋ?”

ಮೈಕು ಆನ್ ಇತ್ತು, ಇಡೀ ಹಾಲ್‌ಗೆ ಕೇಳಿಸಿತು. ಮುನೀಂದ್ರಣ್ಣ ಗಡಬಡಿಸಿ ಪುಟ ಮಗುಚಿದರು. ಒಂದು ಹಣೆಯಲ್ಲೂ ಕುಂಕುಮ ಇರಲಿಲ್ಲ. ಮದುವಣಗಿತ್ತಿಗೂ ಇಲ್ಲ, ಬಸುರಿಗೂ ಇಲ್ಲ. ಅಕ್ಕ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು, “ಇನ್ ಮೇಲೆ ನನ್ ಮನೆ ಬಾಗ್ಲಿಗೆ ಬರ್ಬ್ಯಾಡ” ಅಂತ ಹೇಳಿ ಹೊರಟೇ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ನಾನು ಸೀದಾ ಅಂಗಡಿಗೆ ಓಡಿ ಅಟ್ಟ ಹತ್ತಿದೆ. ಕವರು ಅಲ್ಲೇ ಇತ್ತು. ಬೆಳಕಿಗೆ ಹಿಡಿದು ಒಂದು ಪುಟದ ಮೇಲೆ ಇಟ್ಟರೆ ಚುಕ್ಕೆಗಳು ಒಂದೊಂದು ಹಣೆಯ ಮೇಲೂ ಸರಿಯಾಗಿ ಕೂತವು.

ಅದನ್ನು ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದು, “ಅಣ್ಣಾ, ಮೆಟ್ಟಲ್ಲಿ ಹೊಡೀರಿ” ಅಂದೆ. ಹೊಡೆಯಲಿಲ್ಲ. ಹಾಳೆಗಳನ್ನು ಇಸಕೊಂಡು ಒಂದೊಂದಾಗಿ ಎಣಿಸಿ ಜೋಡಿಸಿಟ್ಟರು.

“ಅಕ್ಕಂಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ” ಅಂದೆ.

“ಪುಸ್ತಕದ ಮೇಲೆ ಯಾರ ಹೆಸರೈತೋ?”

“ನಿಮ್ದು.”

“ಮತ್ತೆ ಸುಮ್ನಿರು. ಬೋರ್ಡು ಸೊಟ್ಟಗಿದ್ರೆ ಏಣಿ ಹಿಡ್ದೋನ್ನ ಯಾರೂ ಬೈಯಲ್ಲ” ಅಂದರು. ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಕುಂಕುಮ ಇಲ್ಲದೆ ಒಂದು ಪುಸ್ತಕವೂ ಯಾರ ಮನೆಗೂ ಹೋಗಕೂಡದು ಅಂತ ತೀರ್ಮಾನ ಆಯಿತು. ಸಣ್ಣ ಬ್ರಷ್ಷು, ಕೆಂಪು ಪೋಸ್ಟರ್ ಕಲರು ಹಿಡಿದು ಕೂತರು. ಒಂದು ಪುಸ್ತಕಕ್ಕೆ ತೊಂಬತ್ತೆರಡು ಹಣೆ. ಪುಟ ತಿರುಗಿಸುವ ಮೊದಲು ಊದಬೇಕು, ಇಲ್ಲದಿದ್ದರೆ ಎದುರು ಪುಟಕ್ಕೆ ಮೆತ್ತುತ್ತದೆ. ದಿನಕ್ಕೆ ಹತ್ತು ಆದರೆ ಹೆಚ್ಚು. ಅಷ್ಟರಲ್ಲಿ ಯಲಹಂಕದ ಒಂದು ಪುಸ್ತಕದ ಅಂಗಡಿಯವರು ಕೊಟ್ಟಿದ್ದ ಭಾನುವಾರ ಬಂದೇಬಿಟ್ಟಿತು. ಓದುಗರ ಜೊತೆ ಮಾತುಕತೆ ಅಂತ ಪೋಸ್ಟರ್ ಹಾಕಿದ್ದರು. ನಮ್ಮ ಹತ್ತಿರ ತಯಾರಿದ್ದದ್ದು ಮೂವತ್ತು, ಅದು ಅರ್ಧ ಗಂಟೆಯಲ್ಲಿ ಖಾಲಿ. ಬಂದವರನ್ನು ವಾಪಸ್ ಕಳಿಸಲಾರದೆ ಅಲ್ಲೇ ಟೇಬಲ್ ಮೇಲೆ ಬಣ್ಣ ಬಿಚ್ಚಿದರು.

ಸಭೆಯಲ್ಲಿ ಮಾತು ಅಂದರೆ ಮಾರು ದೂರ ಓಡುವ ಮನುಷ್ಯ. ಮೈಕು ಕೊಟ್ಟಾಗ ‘ಎಲ್ಲರಿಗೂ ನಮಸ್ಕಾರ’ ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ. ಆದರೆ ಕೈಯಲ್ಲಿ ಬ್ರಷ್ಷು, ಎದುರಿಗೆ ಒಬ್ಬರೇ ಒಬ್ಬರು ಕೂತಾಗ ಬಾಯಿ ತಾನಾಗಿ ತೆರೆಯಿತು. ಒಂದೊಂದು ಹಣೆಗೆ ಇಡುವಾಗಲೂ ಇವರು ಇಂಥವರು, ಇವರಿಗೆ ಮಕ್ಕಳಿರಲಿಲ್ಲ, ಇವರು ಎಂಥ ಜಗಳಗಂಟಿ ಆದರೂ ಕಷ್ಟ ಅಂದರೆ ಮೊದಲು ಬರುತ್ತಿದ್ದರು ಅಂತ ಹೇಳುತ್ತಾ ಹೋದರು. ಕೇಳುತ್ತಾ ಕೂತವರು ತಮ್ಮ ಅಮ್ಮನ ಕಥೆ, ಅತ್ತೆಯ ಕಥೆ ಶುರು ಮಾಡಿದರು. ಧನುಶ್ರೀ ಅಂತ ಒಬ್ಬ ಕಾಲೇಜು ಹುಡುಗಿ, “ಅಂಕಲ್, ಒಂದು ನಾನ್ ಇಡ್ಲಾ, ಪ್ಲೀಸ್?” ಅಂತ ಬ್ರಷ್ಷು ಇಸಕೊಂಡು ನನ್ನ ಅಜ್ಜಿಯ ಹಣೆಗೆ ನಾಲ್ಕಾಣೆ ಅಗಲ ಇಟ್ಟಳು. ಅದನ್ನೆಲ್ಲ ಮೊಬೈಲಿನಲ್ಲಿ ಹಾಕಿದವಳೂ ಅವಳೇ. ಮುಂದಿನ ವಾರದಿಂದ ಜನ ಸಾಲು ನಿಂತರು, ಆಟೋಗ್ರಾಫು ಬೇಡ ಕುಂಕುಮ ಇಟ್ಟುಕೊಡಿ ಅಂತ.

ಆರ್.ಟಿ. ನಗರದ ಒಂದು ಲೈಬ್ರರಿಯಲ್ಲಿ ಜೈಬುನ್ನೀಸಾ ಅಂತ ಒಬ್ಬರು ಹಿರಿಯರು ಪುಟ ಪುಟವೂ ಕಣ್ಣಿಟ್ಟು ನೋಡುತ್ತಾ ಕೂತಿದ್ದರು. ತಲೆ ಮೇಲೆ ಸೆರಗು ಹೊದ್ದ ಒಬ್ಬಾಕೆಯನ್ನು ದಾಟಿ ಬ್ರಷ್ಷು ಮುಂದೆ ಹೋದಾಗ, “ಇವರನ್ನ ಯಾಕೆ ಬಿಟ್ರಿ?” ಅಂದರು.

“ಅವರು ನಮ್ಮ ಬೀದಿ ಖಾದರ್ ಬಾಷಾ ಅವರ ತಾಯಿ ಕಣಮ್ಮಾ.”

“ಓಹೋ! ಹಂಗಾದ್ರೆ ಪ್ರೆಸ್ಸಿಂದ ಸರಿಯಾಗಿ ಬಂದಿರೋರು ಇವರೊಬ್ರೇ ಅನ್ನಿ” ಅಂದರು ಆಕೆ. ಮುನೀಂದ್ರಣ್ಣ ಬಿದ್ದು ಬಿದ್ದು ನಕ್ಕರು. ಅಷ್ಟು ದಿನಗಳಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಯಾಕೆಂದರೆ ಅಕ್ಕ ಫೋನೇ ಎತ್ತುತ್ತಿರಲಿಲ್ಲ. ಎಷ್ಟು ಜನ ಹೊಗಳಿದರೂ ಸಂಜೆ ಬಣ್ಣದ ಡಬ್ಬಿ ಮುಚ್ಚಿ ಮೊದಲು ಮಾಡುತ್ತಿದ್ದ ಕೆಲಸ ರಾಜಾನುಕುಂಟೆಗೆ ಫೋನು. ನನಗೆ ತಡೆಯಲಾಗದೆ ಅವರ ಮಾತು ಮೀರಿ ಒಂದು ದಿನ ಬೈಕಿನಲ್ಲಿ ಹೋದೆ. ಅಕ್ಕ ಒಳಗಿಂದ ಬರಲೇ ಇಲ್ಲ. ಕೃಷ್ಣಯ್ಯನವರು ಜಗಲಿಯಲ್ಲಿ ಕೂತಿದ್ದರು, ಅವರಿಗೆ ಎಲ್ಲ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿದೆ, ತಪ್ಪು ಮಾಡಿದವನು ನಾನು ಅಂದೆ. ಅವರು ಎದೆ ಹಿಡಿದುಕೊಂಡು ನಕ್ಕರು. “ಬೊಂಬೆಗೆ ಕುಂಕ್ಮ ಇಲ್ದಿದ್ರೆ ನಾನ್ ಓಗ್ಬುಡ್ತೀನಾ? ನಿಧಾನಕ್ಕೆ ಏಳ್ತೀನಿ ಬಿಡಪ್ಪ, ಅವ್ಳಿಗೆ ಕ್ವಾಪ ಜಾಸ್ತಿ” ಅಂದರು.

ಒಂದೂವರೆ ತಿಂಗಳಿಗೆ ಕೃಷ್ಣಯ್ಯನವರು ತೀರಿಕೊಂಡರು.

ಮಣ್ಣಿಗೆ ಹೋದಾಗ ಮುನೀಂದ್ರಣ್ಣ ಹಿಂದುಗಡೆ ನಿಂತಿದ್ದರು. ಹನ್ನೊಂದನೆಯ ದಿನ ತವರಿನ ಸೀರೆ ಕೊಡಬೇಕಾದವರು ತಮ್ಮನೇ. ಕೊಟ್ಟರು. ಅಕ್ಕ ಅದನ್ನು ಮುಖ ನೋಡದೆ ತೆಗೆದುಕೊಂಡು ಪಕ್ಕಕ್ಕೆ ಇಟ್ಟರು. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಮುನೀಂದ್ರಣ್ಣ ಒಂದೇ ಮಾತು ಆಡಿದರು: “ನನ್ ಪುಸ್ತಕಾನೇ ಭಾವನ್ನ ತಗೊಂಡೋಯ್ತು ಅಂತ ಅವಳು ಅಂದ್ಕೊಂಡಿದ್ರೆ, ನಾನು ಇನ್ನು ಬದುಕಿ ಏನೋ ಮಾಡ್ಲಿ?” ನಾನು ಗಾಡಿ ಓಡಿಸುತ್ತಾ ಅತ್ತೆ. ಆಮೇಲೆ ಅವರು ಬ್ರಷ್ಷು ಮುಟ್ಟಲಿಲ್ಲ. ಮುಗಿಯಿತು ಬಿಡು, ಉಳಿದ ಪುಸ್ತಕ ತೂಕಕ್ಕೆ ಹಾಕು ಅಂದರು. ಜಗಳ ಮಾಡಿ, ಆಣೆ ಹಾಕಿ, ಯಲಹಂಕದ ಅದೇ ಅಂಗಡಿಗೆ ಇನ್ನೊಂದು ಭಾನುವಾರ ಎಳೆದುಕೊಂಡು ಹೋದವನು ನಾನು.

ಸಾಲಿನಲ್ಲಿ ಹದಿನೈದು ಇಪ್ಪತ್ತು ಜನ ಇದ್ದರು. ಮುನೀಂದ್ರಣ್ಣ ತಲೆ ತಗ್ಗಿಸಿ, ಮಾತಿಲ್ಲದೆ ಬರೆಯುತ್ತಿದ್ದರು. ಒಂದು ಪುಸ್ತಕ ಮುಗಿಸಿ ಮುಂದಿನದಕ್ಕೆ ಕೈ ಚಾಚಿದರೆ, ಕೊಟ್ಟ ಕೈ ಅಕ್ಕನದು. ಯಾರಿಗೂ ಗುರುತು ಹೇಳದೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಬಂದಿದ್ದರು. ಹಣೆಯಲ್ಲಿ ಏನೂ ಇರಲಿಲ್ಲ. ಬಿಡುಗಡೆಯ ದಿನ ಚೀಲಕ್ಕೆ ತುರುಕಿಕೊಂಡು ಹೋದ ಪುಸ್ತಕವನ್ನು ತನ್ನ ಪುಟಕ್ಕೆ ತೆರೆದು ಅವರ ಮುಂದೆ ಇಟ್ಟರು.

ನಾನು ಅಡ್ಡ ಬಂದೆ. “ಅಕ್ಕಾ, ತಪ್ಪು ನಂದು, ಅಣ್ಣಂದಲ್ಲ...”

“ಗೊತ್ತು ಸುಮ್ಕಿರಪ್ಪ. ಅವ್ರು ಏಳಿದ್ರು.” ತಮ್ಮನ ಕಡೆ ತಿರುಗಿ, “ಆಕು” ಅಂದರು.

ಮುನೀಂದ್ರಣ್ಣ ಬ್ರಷ್ಷು ಕೆಳಗಿಟ್ಟರು. “ಅಕ್ಕಾ, ಈಗ ಹೆಂಗೆ...”

“ಅವತ್ತು ಬಾವಿ ತಾವ ನನ್ ಅಣೇಲಿ ಇತ್ತೋ ಇಲ್ವೋ?”

“ಇತ್ತು.”

“ಅವ್ರು ಸೈಕಲ್ ಇಡ್ಕೊಂಡು ನಿಂತಿದ್ರೋ ಇಲ್ವೋ?”

“ನಿಂತಿದ್ರು.”

“ಮನೇಲಿ ಆಗಿನ್ ಕಾಲದ್ದು ಒಂದ್ ಫೋಟೋನೂ ಇಲ್ಲ ಕಣ್ಲಾ. ಅವ್ರೂ ನಾನೂ ಜೊತೇಲಿರೋದು ಇದೊಂದೇ. ಇದ್ದಂಗೆ ಬರಿ.”

ಹಗ್ಗಕ್ಕೆ ಜೋತುಬಿದ್ದು ಮೂರನೇ ಮಹಡಿಯ ಗೋಡೆಗೆ ಆಳೆತ್ತರದ ಅಕ್ಷರ ಬರೆದ ಕೈ ಅದು, ಒಂದು ದಿನವೂ ನಡುಗಿದ್ದು ನಾನು ನೋಡಿರಲಿಲ್ಲ. ಅವತ್ತು ನಡುಗಿತು. ಇಟ್ಟ ಕೆಂಪು ಹಣೆಯಿಂದ ಜಾರಿ ಹುಬ್ಬಿನವರೆಗೆ ಎಳೆದುಕೊಂಡು ಬಂತು. ಮುನೀಂದ್ರಣ್ಣ ಕಣ್ಣೀರು ಸುರಿಸುತ್ತಲೇ ಒದ್ದೆ ಬಟ್ಟೆಗೆ ತಡಕಾಡಿದರು.

“ಸೊಟ್ಟ ಆಗೋಯ್ತಕ್ಕಾ. ತಾಳು, ಒರೆಸಿ ಬೇರೆ ಇಡ್ತೀನಿ.”

ಅಕ್ಕ ಪುಸ್ತಕ ಎಳೆದುಕೊಂಡು ಎದೆಗೆ ಅವುಚಿಕೊಂಡರು. ಹಸಿ ಬಣ್ಣ ಅವರ ಸೆರಗಿಗೆ ಮೆತ್ತಿತು.

“ಒರ್ಸೋದು ಬ್ಯಾಡ ಮುನ್ಯಾ” ಅಂದರು. “ಒಂದ್ ಸಲ ಒರ್ಸಿದ್ದು ಸಾಕು.”