ಏಣಿಯ ಮೇಲಿದ್ದ ಮಗಳು, ಕಟ್ಟೆಯ ಮೇಲಿದ್ದ ಅಪ್ಪ

ಮಧ್ಯಾಹ್ನ ಮೂರೂವರೆ. ಮುಗ್ಗಲು ಹಿಡಿದ ಜೋಳದ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹೊತ್ತು. ಮೊನ್ನೆ ಭಾನುವಾರ ಅಡುಗೆಮನೆಯಲ್ಲಿ ಬಹಳ ದಿನ ಮುಚ್ಚಿಟ್ಟಿದ್ದ ಜೋಳದ ಡಬ್ಬಿ ತೆರೆದೆ. ಅದೇ ವಾಸನೆ. ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ…

ಆಗ ನಾನು ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಪಕ್ಕದಲ್ಲೇ ಇದ್ದರು. ಯಳವತ್ತಿಯ ಕಡೆ ಹೊಲ, ಮನೆಯಲ್ಲಿ ಹೆಂಡತಿ, ಐದು ವರ್ಷದ ಒಬ್ಬಳೇ ಮಗಳು. ಕೆಟ್ಟ ಮನುಷ್ಯರಲ್ಲ. ಊಟದ ಹೊತ್ತಿಗೆ ಯಾರೇ ಬಂದರೂ ಉಣ್ಣಿಸದೆ ಕಳಿಸುತ್ತಿರಲಿಲ್ಲ. ಆದರೆ ದನಿ ಮಾತ್ರ ಎತ್ತು ಹೊಡೆಯುವವರದು, ಕೈ ಇನ್ನೂ ಬಿರುಸು. ಮಕ್ಕಳು ಅಂಜಿಕೆಯಲ್ಲಿ ಬೆಳೆಯಬೇಕು ಎಂದು ಅವರ ಅಪ್ಪ ಅವರನ್ನು ಬೆಳೆಸಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಅವರ ಹಿತ್ತಿಲಲ್ಲಿ ಹಳೆಯ ಕಾಲದ ಹಗೇವು ಇತ್ತು. ಜೋಳ ತುಂಬಿಡಲು ನೆಲದಡಿ ತೋಡಿದ ಆಳದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅವಸರದಲ್ಲಿ ಇಳಿದವರು ಮೇಲೆ ಬಂದಿಲ್ಲ. ಅದಕ್ಕೇ ಅಂದು ಬೆಳಿಗ್ಗೆ ಕಲ್ಲು ಸರಿಸಿ, ಏಣಿ ಇಳಿಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟಿದ್ದರು. ಏಣಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಕಂದೀಲು ಆರಿತು. “ಇವತ್ತು ಬ್ಯಾಡ, ನಾಳೆ ನೋಡೂಣು” ಎಂದು ಆಳುಗಳು ಹೋದರು. ಗಾಳಿಯಾಡಲೆಂದು ಬಾಯಿ ತೆರೆದೇ ಇತ್ತು.

ಮೂರೂವರೆಗೆ ಹುಡುಗಿ ಅಪ್ಪನ ಫೋನನ್ನು ನೀರಿನ ಬಾನಿಯಲ್ಲಿ ಬೀಳಿಸಿದಳು. ಅವರ ಕೂಗು ನನ್ನ ಮನೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿಯ ಚೀರಾಟ.

“ಅಕ್ಕೋರ, ಓಡಿ ಬರ್ರಿ! ಹುಡುಗಿ ಹೊಡತಕ್ಕ ಅಂಜಿ ಹಗೇದಾಗ ಇಳದಾಳ!”

ನಾನು ಹೋದಾಗ ಅವಳು ಏಣಿಯ ಮೇಲಿನ ಮೆಟ್ಟಿಲುಗಳಲ್ಲೇ ಇದ್ದಳು. ಕೈ ಚಾಚಿದರೆ ಸಿಗುತ್ತಿದ್ದಳೇನೋ. ಅಷ್ಟರಲ್ಲಿ ಮಾಲೀಕರು ಹಗೇವಿನ ಬಾಯಿಗೆ ಬಗ್ಗಿ ಗುಡುಗಿದರು. “ಲೇ, ಮ್ಯಾಲ ಬರ್ತಿಯೋ ಇಲ್ಲೋ? ಕಾಲ ಮುರೀತೀನಿ ನೋಡು!”

ಹುಡುಗಿ ಒಂದು ಮೆಟ್ಟಿಲು ಕೆಳಗಿಳಿದಳು.

ಅವರು ಮತ್ತೆ ಕೂಗಿದರು. ಮತ್ತೊಂದು ಮೆಟ್ಟಿಲು. ತಾವೇ ಇಳಿಯಲೆಂದು ಏಣಿಯ ಮೇಲೆ ಕಾಲಿಟ್ಟರು. ಏಣಿ ಅಲುಗಿದ್ದೇ ತಡ ಅವಳು ಇನ್ನೂ ಕೆಳಗೆ ಸರಿದಳು. ಕಂದೀಲು ಆರಿದ ಜಾಗ ಅವಳ ಪಾದದ ಕೆಳಗೇ ಇತ್ತು. ಅವರ ಕಾಲು ಅಲ್ಲೇ ನಿಂತಿತು. ತಮ್ಮ ದನಿಯೇ ಮಗಳನ್ನು ಕೆಳಗೆ ತಳ್ಳುತ್ತಿದೆ ಎಂದು ಅವರಿಗೆ ಆಗ ಹೊಳೆಯಿತು. ಮೆಲ್ಲಗೆ ಕಾಲು ತೆಗೆದರು. ನೆಲಕ್ಕೆ ಕುಸಿದು, ಬೋರಲಾಗಿ ಮಲಗಿ ಹಗೇವಿನ ಬಾಯಿಯ ಅಂಚಿಗೆ ಮುಖ ಇಟ್ಟರು.

“ಬಾ ಯವ್ವಾ… ಹೊಡಿಯಂಗಿಲ್ಲ.”

ಒಳಗಿನಿಂದ ಸಣ್ಣ ದನಿ ಬಂತು. “ಮೊನ್ನೀನೂ ಹಂಗ ಅಂದಿ. ಬಂದ ಮ್ಯಾಲ ಹೊಡದಿ.”

ಆ ಮಾತು ಖರೆ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

“ಮತ್ತೇನ ಮಾಡ್ಲಿ, ನೀನ ಹೇಳು,” ಎಂದರು. ಅವರು ಮಗಳನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ನೀ ಹೊರಗ ಹೋಗು. ದೂರ.”

ಮಗಳು ಸಾವಿನ ಬಾಯಲ್ಲಿದ್ದಾಗ ಬೆನ್ನು ತಿರುಗಿಸಿ ಹೋಗುವುದೆಂದರೆ… ಅವರು ಏಳಲಿಲ್ಲ. ಹೆಂಡತಿ ಕೈ ಮುಗಿದರು. “ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೋಗ್ರಿ.”

ಅವರು ಎದ್ದರು. ತಿರುಗಿ ನೋಡದೆ ಮನೆ ದಾಟಿ ಹೋದರು. ಬೀದಿಯ ಕಡೆಯಿಂದ ಒಡೆದ ದನಿ ಕೇಳಿತು. “ಕಟ್ಟಿ ಮ್ಯಾಲ ಕುಂತೀನಿ ಯವ್ವಾ… ಇಲ್ಲೇ ಕುಂದರ್ತೀನಿ.”

ದೂರದಿಂದ ಬಂದ ಆ ದನಿಯನ್ನು ಹುಡುಗಿ ಕಿವಿಗೊಟ್ಟು ಅಳೆದಳು. “ಅವ್ವಾ, ತಲಿ ತಿರಗಾಕತ್ತೈತಿ,” ಎಂದಳು. ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಇನ್ನೊಂದು. ತಾಯಿ ಒಳಗೆ ಬಾಗಿದರು, ನಾನು ಅವರ ಸೊಂಟ ಬಿಗಿದು ಹಿಡಿದೆ. ಬೆರಳಿಗೆ ಬೆರಳು ತಾಕಿ ತಪ್ಪಿತು. ಈಗಲೂ ನನ್ನ ಕನಸು ಅಲ್ಲಿಗೇ ನಿಲ್ಲುತ್ತದೆ… ಎರಡನೆಯ ಸಲ ಮುಂಗೈ ಸಿಕ್ಕಿತು.

ಸುದ್ದಿ ತಿಳಿದು ಓಣಿಯವರು ಸೇರಿದ್ದರು. ಒಬ್ಬ ಹಿರಿಯರು ಕಟ್ಟೆಯತ್ತ ಕೂಗಿದರು. “ಸಿಕ್ಕಾಳ, ಒಳಗ ಬಾರಪಾ! ಎರಡು ಬಾರಸು, ಬುದ್ಧಿ ಬರತೈತಿ.”

“ಅಕಿ ಕರಿಯೂತನಕ ಬರಂಗಿಲ್ಲ,” ಎಂದರು ಮಾಲೀಕರು.

ವೈದ್ಯರು ಬಂದು ನೋಡಿ ಹೋದರು. ಮಾಲೀಕರು ಕಟ್ಟೆಯಿಂದಲೇ “ಹೆಂಗದಾಳ್ರಿ?” ಎಂದು ಕೇಳಿದರೇ ಹೊರತು ಹೊಸ್ತಿಲು ತುಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಬಾಗಿಲ ಮರೆಯಲ್ಲಿ ನಿಂತು, “ಅಪ್ಪಾ, ಚಾ ಆರಾಕತ್ತೈತಿ,” ಎಂದಳು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. ಹುಡುಗಿ ನಿದ್ದೆಯಲ್ಲಿ ಚೀರಿ ಏಳುತ್ತಿದ್ದಳು, ಅವಳೊಂದಿಗೆ ಅಪ್ಪನೂ ಏಳುತ್ತಿದ್ದರು. ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ ಗಾರೆ ಹಾಕಿಸಿದರು, ಆದರೂ ಏಳುತ್ತಿದ್ದಳು. ಮಾಲೀಕರು ಮಾತು ಕಲಿಯುವ ಮಗುವಿನಂತೆ ಮೆಲ್ಲಗೆ ಮಾತಾಡುವುದನ್ನು ಕಲಿಯತೊಡಗಿದರು. ಮನೆಯೊಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಹಾಲು ಚೆಲ್ಲಿದಾಗ ಕೈ ತಾನಾಗಿ ಮೇಲೆದ್ದಿತು. ಹುಡುಗಿ ಹಿತ್ತಿಲಿಗೆ ಓಡಿದಳು. ಅವರು ಚೆಲ್ಲಿದ ಹಾಲಿನ ಪಕ್ಕದಲ್ಲೇ ಕುಳಿತು, “ತಪ್ಪಾತು ಯವ್ವಾ, ನಂದು ತಪ್ಪಾತು,” ಎಂದದ್ದು ಗೋಡೆಯಾಚೆ ನನಗೆ ಕೇಳಿಸಿತು. ಅವಳು ಬರಲು ಬಹಳ ಹೊತ್ತು ಹಿಡಿಯಿತು. ಅವರು ಕಾದರು.

“ಏನ್ರಿ ಸಾವಕಾರ್ರ, ಮಗಳಿಗೆ ಅಂಜ್ತೀರಂತಲ್ಲ?” ಎಂದು ಓಣಿಯವರು ನಗುತ್ತಿದ್ದರು.

“ಅಂಜ್ತೀನಪಾ. ಏಣಿ ಮ್ಯಾಲಿಂದ ಅಕಿ ನನ್ನ ನೋಡಿದ್ದು ನೀ ನೋಡಿಲ್ಲ.”

ಹೋದ ವರ್ಷ ಅವರು ತೀರಿಕೊಂಡರು. ನಾನು ಗದಗಿಗೆ ಬಂದು ಬಹಳ ದಿನವಾಗಿತ್ತು. ಖಬರ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಸಲ ಮಾತಾಡಿಸಲೂ ಆಗಲಿಲ್ಲ… ಡಬ್ಬಿಯ ಜೋಳವನ್ನು ಬಿಸಿಲಿಗೆ ಹರವಿ ಕುಳಿತಾಗ ನೆನಪಿಗೆ ಬಂದದ್ದು ಹಗೇವು ಮುಚ್ಚಿಸಿದ ವರ್ಷದ ಎಳ್ಳಮಾಸಿ ಹಬ್ಬದ ಮರುದಿನದ ಬೆಳಗು.

ಹಿಂದಿನ ದಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ದಣಿದು ಬಂದಿದ್ದರು ಅವರು. ನಸುಕಿಗೇ ಏಳುವ ಮನುಷ್ಯ, ಬಿಸಿಲೇರಿದರೂ ಹೊರಗೆ ಕಾಣಲಿಲ್ಲ. ನಾನು ಗಾಬರಿಯಾಗಿ ಹೋದೆ. ಅವರ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಪಡಸಾಲೆ ತೋರಿಸಿದರು. ಹುಡುಗಿ ಅಪ್ಪನ ತೋಳಿನ ಮೇಲೆ ತಲೆಯಿಟ್ಟು ಬಾಯಿ ತೆರೆದು ಮಲಗಿದ್ದಳು. ಅಪ್ಪ ಗೊರಕೆ ಹೊಡೆಯುತ್ತಿದ್ದರು.

“ರಾತ್ರಿ ಒಮ್ಮಿನೂ ಎದ್ದಿಲ್ಲರಿ, ಅಕ್ಕೋರ,” ಎಂದು ತಾಯಿ ಪಿಸುಗುಟ್ಟಿದರು. “ಇಬ್ರೂ.”