ಅವಳು ತಿಂದದ್ದು, ನೀನು ಕಕ್ಕಿದ್ದು

ಶಶಿಕಲಾ, ಆ ದಿನ ತೂಕದ ಯಂತ್ರದ ಮೇಲೆ ನೀನು ಕುಸಿದು ಬಿದ್ದದ್ದು ನನ್ನಿಂದ. ನಿನಗೆ ಸ್ಟ್ಯಾಮಿನಾ ಇಲ್ಲ ಎಂದು ಸೆಲೆಕ್ಟರ್‌ಗೆ ಹೇಳಿದವಳೂ ನಾನೇ. ಎರಡನ್ನೂ ಗೊತ್ತಿದ್ದೇ ಮಾಡಿದೆ. ಪಾದ್ರಿಯವರ ಮುಂದೆ ಮೊಣಕಾಲೂರಿ ಸಣ್ಣಪುಟ್ಟ ಪಾಪಗಳನ್ನೆಲ್ಲ ಹೇಳಿದ್ದೇನೆ; ಇದನ್ನು ಮಾತ್ರ—

ನೀನು ಹೊಳೆಯಾಚೆಯ ಬೆಂಗ್ರೆಯ ಹುಡುಗಿ, ಲವೀನಾ ನನ್ನ ತಮ್ಮನ ಮಗಳು. ರೋಯಿಂಗಿನಲ್ಲಿ ನೀವಿಬ್ಬರೂ ಒಂದೇ ದೋಣಿಯ ಜೋಡಿ. ಕ್ಯಾಂಪಿನ ಮ್ಯಾನೇಜರ್ ನಾನು. ನಿಮ್ಮ ಊಟ, ತೂಕ ಎಲ್ಲ ನನ್ನ ಡ್ಯೂಟಿ. ಲೈಟ್‌ವೆಯ್ಟ್ ವಿಭಾಗದಲ್ಲಿ ಇಬ್ಬರ ತೂಕದ ಸರಾಸರಿ ಮಿತಿ ಮೀರದಂತೆ ನೋಡುತ್ತಾರೆ. ಒಬ್ಬಳು ಹೆಚ್ಚಿದರೆ ಇನ್ನೊಬ್ಬಳು ಇಳಿಯಬೇಕು.

ಲವೀನಾ ಹೆಚ್ಚಿದ್ದು ಹೇಗೆಂದು ನೀನು ಕೇಳಲಿಲ್ಲ. ಸಂಜೆ ಅವಳನ್ನು ರೋಸರಿ ಪ್ರಾರ್ಥನೆಗೆಂದು ನನ್ನ ಕೋಣೆಗೆ ಕರೆಯುತ್ತಿದ್ದೆನಲ್ಲ—ಬಾಗಿಲು ಹಾಕಿ ಹಂದಿ ಮಾಂಸದ ಬಾಫತ್ ಬಡಿಸುತ್ತಿದ್ದೆ. ಪೂರ್ ಥಿಂಗ್, ತಾಯಿಯಿಲ್ಲದ ಮಗು—ಛೆ, ಅದನ್ನೀಗ ನೆಪ ಮಾಡುವುದು ಬೇಡ.

ಸೆಲೆಕ್ಷನ್ನಿನ ಬೆಳಿಗ್ಗೆ ನಿನಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಸಿ ಓಡಿಸಿದೆ. ಇಳಿದ ತೂಕ ಸಾಲಲಿಲ್ಲ. ನನ್ನ ಬೆರಳಲ್ಲಿ ಬಾಫತಿನ ವಾಸನೆ ಇನ್ನೂ ಇರುವಾಗಲೇ ನಿನ್ನ ಬಾಯಿಗೆ ಸ್ಟೀಲ್ ಲೋಟ ಹಿಡಿದು ಉಗುಳು ಎಂದೆ.

"ಎಂತ ಉಗುಳುದು ಮೇಡಂ? ಬಾಯಲ್ಲಿ ಎಂತದೂ ಇಲ್ಲ."

"ಬೆರಳು ಹಾಕು ಮಾರಾಯ್ತಿ. ಒಳಗೆ ಇನ್ನೂ ಉಂಟು."

ಹಳದಿ ಪಿತ್ತ ಬಂತು. ನಾನು ಮೂಗಿಗೆ ಕರ್ಚೀಫ್ ಒತ್ತಿಕೊಂಡೆ. ಅಸಹ್ಯಪಟ್ಟೆ—ನಿನ್ನನ್ನು ನೋಡಿ!

ನೀನು ಬಿದ್ದೆ, ನಿನ್ನ ಜಾಗಕ್ಕೆ ಬೇರೆಯವಳು ಬಂದಳು. ಲವೀನಾ ಆಯ್ಕೆಯಾಗಿ ಗೆದ್ದಳು, ಮುಂದೆ ಅಪ್ಪನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿಯ ತಂಡದಲ್ಲಿ ಒಲಿಂಪಿಕ್ ಪದಕವನ್ನೂ ಗೆದ್ದಳು. ನೀನು ಮತ್ತೆ ದೋಣಿಯ ಹುಟ್ಟು ಮುಟ್ಟಲಿಲ್ಲವಂತೆ.

ಮೊನ್ನೆ ಭಾನುವಾರ ಚರ್ಚ್ ಹಾಲಿನಲ್ಲಿ ಅವಳಿಗೆ ಸನ್ಮಾನ. ಗೆಲುವಿನ ಗುಟ್ಟು ಏನೆಂದು ಯಾರೋ ಕೇಳಿದರು. "ನಮ್ಮ ಆಂಟಿಯ ಬಾಫತ್," ಎಂದಳು. "ಕ್ಯಾಂಪಿನಲ್ಲಿ ರೋಸರಿ ಅಂತ ಹೇಳಿ ತಿನ್ನಿಸ್ತಿದ್ರು." ಹಾಲೆಲ್ಲ ನಗು, ಚಪ್ಪಾಳೆ. ನಾನು ಎದ್ದು ಕೈ ಮುಗಿದೆ, ಕಾನ್ವೆಂಟಿನಲ್ಲಿ ಕಲಿಸಿದ ಅದೇ ಗ್ರೇಸ್‌ಫುಲ್ ಸ್ಮೈಲ್. ಈಗ ಕನ್ನಡಿಯಲ್ಲಿ ಆ ಬಾಯಿ ಕಂಡರೆ ವಾಕರಿಕೆ ಬರುತ್ತದೆ.

ಕೊನೆಯ ಸಾಲಿನಲ್ಲಿ ನೀನಿದ್ದೆ. ನೀನೊಬ್ಬಳೇ ನಗಲಿಲ್ಲ.

ನನ್ನ ಮನೆಯಲ್ಲೇ ಉಳಿದಿರುವ ಲವೀನಾಗೆ ಇವತ್ತು ಮಧ್ಯಾಹ್ನ ಬಾಫತ್ ಬೇಕಂತೆ. ಒಲೆ ಹಚ್ಚಿಲ್ಲ. ಅವಳು ಎದ್ದ ಕೂಡಲೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಫೆರಿ ಹತ್ತಿ ಬೆಂಗ್ರೆಗೆ ಬರುತ್ತೇನೆ. ನೀನು ಬಾಗಿಲು ತೆರೆಯಬೇಕೆಂದಿಲ್ಲ—ಹೊರಗೆ ನಿಂತೇ ಹೇಳುತ್ತೇನೆ, ನಿನ್ನ ನೆರೆಕರೆಯವರಿಗೆಲ್ಲ ಕೇಳುವ ಹಾಗೆ.