ಅಕ್ಕನ ಸಲುವಾಗಿ ಕಾರಿನ ಎತ್ತರ ತಗ್ಗಿಸಿದ ವಿಷಯ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರಿಶೀಲಿಸುವುದು ನನ್ನ ಕೆಲಸವಾಗಿತ್ತು. ಗ್ರಾಹಕರಿಗೆ ಪತ್ರ ಬರೆಯುವುದನ್ನು ಬಿಟ್ಟರೆ ಬೇರೆ ಬರವಣಿಗೆ ನನಗೆ ತಿಳಿಯದು. ಆದ್ದರಿಂದ ಈ ಬರಹದಲ್ಲಿಯೂ ಪತ್ರದ ಧಾಟಿ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲವದು. ನಾನೂ ನನ್ನ ಅಕ್ಕನೂ ರಾಜಗೋಪಾಲನಗರದ ಬಾಡಿಗೆ ಮನೆಯಲ್ಲಿದ್ದೆವು. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಅಕ್ಕನ ಕಾಲುಗಳಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದಳು. ತೋಳುಗಳಲ್ಲಿ ಮಾತ್ರ ನನಗಿಂತ ಹೆಚ್ಚು ಶಕ್ತಿಯಿತ್ತು. ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಯಾರ ನೆರವೂ ಇಲ್ಲದೆ ಜರುಗಿಕೊಳ್ಳುತ್ತಿದ್ದಳು. ಮಾದನಾಯಕನಹಳ್ಳಿಯ ಗೋದಾಮೊಂದರ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮುಂದಿನ ಸೋಮವಾರ ಸೇರಬೇಕಿತ್ತು. ಅವಳನ್ನು ಕರೆದೊಯ್ಯುವ ಉದ್ದೇಶದಿಂದ ನಾನು ಹಳೆಯದೊಂದು ಕಾರು ಕೊಂಡೆ.

ಸದರಿ ಕಾರನ್ನು ಹಿಂದಿನ ಮಾಲೀಕರು ಕೆಟ್ಟ ರಸ್ತೆಗಾಗಿ ಎತ್ತರಿಸಿದ್ದುದನ್ನು ಕೊಳ್ಳುವಾಗ ನಾನು ಗಮನಿಸಲಿಲ್ಲ. ಸೀಟು ಅಕ್ಕನ ಕುರ್ಚಿಗಿಂತ ಎತ್ತರದಲ್ಲಿತ್ತು. ಎರಡು ಬಾರಿ ಪ್ರಯತ್ನಿಸಿ ಅವಳು ಸೋತಳು. ಕೊನೆಗೆ ನಾನೇ ಎತ್ತಿ ಕೂರಿಸಿದೆ. ಎದುರು ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಆಫೀಸ್ ಗೇಟಲ್ಲಿ ದಿನಾ ಹಿಂಗೇ ಮೂಟೆ ಥರ ಇಳಿಸ್ತೀಯಾ?" ಎಂದಳು ಅಕ್ಕ. "ಹಂಗಾದ್ರೆ ನಾನು ಹೋಗಲ್ಲ ಕಣೇ. ಗೋದಾಮಲ್ಲಿ ಮೂಟೆಗಳು ಆಗ್ಲೇ ಬೇಕಾದಷ್ಟಿರ್ತವೆ."

ನಗುತ್ತಲೇ ಹೇಳಿದಳು. ಆದರೆ ಅಂದು ರಾತ್ರಿ ಸೋಮವಾರಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಗುರುವಾರ ಕಾರ್ಖಾನೆಯಲ್ಲಿ ಹಗಲಿಡೀ ಕರೆಂಟ್ ಇರಲಿಲ್ಲ. ಯಂತ್ರಗಳು ನಿಂತಿದ್ದವು. ಮಾಲೀಕರ ಅನುಮತಿ ಪಡೆದು ಕಾರನ್ನು ಒಳಗೆ ತಂದೆ. ಗದಗದ ಕಡೆಯವರಾದ ನಮ್ಮ ಹಿರಿಯ ಫಿಟ್ಟರ್ ಚಕ್ರ ಬಿಚ್ಚಿ ತೋರಿಸಿದರು. ಪ್ರತಿ ಸ್ಪ್ರಿಂಗೂ ಒಂದು ಉಕ್ಕಿನ ತಟ್ಟೆಯ ಮೇಲೆ ಕುಳಿತಿತ್ತು. ಆ ತಟ್ಟೆಯು ತಿರುಪು ಕೊರೆದ ಕೊಳವೆಯ ಮೇಲೆ ಬಾಟಲಿಯ ಮುಚ್ಚಳದಂತೆ ತಿರುಗುತ್ತಿತ್ತು. ತಟ್ಟೆ ಕೆಳಗಿಳಿದರೆ ಕಾರೂ ಕೆಳಗಿಳಿಯುತ್ತದೆ. ಒಂದು ಸುತ್ತು ತಿರುಗಿಸಿದರೆ ಎರಡು ಮಿಲಿಮೀಟರ್.

"ಎಷ್ಟ ಇಳಸೂದು ಹೇಳ್ರಿ ಮೇಡಂ, ತಿರಗಸೂದು ನನಗ ಬಿಡ್ರಿ," ಎಂದರು ಫಿಟ್ಟರ್.

ಹಿಂದಿನ ಸಂಜೆಯೇ ನಾನು ಗಾಲಿಕುರ್ಚಿಯಲ್ಲಿ ಕೂರುವ ದಿಂಬು ನೆಲದಿಂದ ಎಷ್ಟು ಎತ್ತರವೆಂದು ಅಳೆದಿಟ್ಟುಕೊಂಡಿದ್ದೆ. ಕಾರಿನ ಸೀಟು ನಲವತ್ತು ಮಿಲಿಮೀಟರ್ ಹೆಚ್ಚಿತ್ತು. ಇಪ್ಪತ್ತು ಸುತ್ತು ಎಂದೆ. ನಾಲ್ಕೂ ತಟ್ಟೆಗಳನ್ನು ಇಪ್ಪತ್ತು ಸುತ್ತು ಇಳಿಸಿ, ಚಕ್ರ ಹಾಕಿ, ಕಾರನ್ನು ಹಿಂದೆಮುಂದೆ ಉರುಳಿಸಿ ಸ್ಪ್ರಿಂಗುಗಳು ಸರಿಯಾಗಿ ಕುಳಿತ ನಂತರ ಅಳೆದೆ. ಲೆಕ್ಕಕ್ಕೂ ಅಳತೆಗೂ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಬರಲಿಲ್ಲ.

ನಮ್ಮಲ್ಲಿ ಯಾವುದೇ ಭಾಗವನ್ನು ನೂರಾರು ತಯಾರಿಸುವ ಮೊದಲು ಒಂದನ್ನು ಮಾಡಿ ಪರಿಶೀಲಿಸುವ ಪದ್ಧತಿಯಿತ್ತು. ಅದನ್ನು ಫಸ್ಟ್ ಪೀಸ್ ಎನ್ನುತ್ತಿದ್ದೆವು. ಸರಿಯಿದ್ದರೆ ನಾನು ಹಸಿರು ಚೀಟಿಗೆ ಸಹಿ ಹಾಕಿ ಕಟ್ಟಬೇಕು. ಅಂದು ಸಂತೋಷಕ್ಕೆ ಕಾರಿನ ಕನ್ನಡಿಗೂ ಅಂಥದೊಂದು ಚೀಟಿ ಕಟ್ಟಿ ಮನೆಗೆ ಹೋದೆ.

ಅಕ್ಕನಿಗೆ ಹತ್ತಲಾಗಲಿಲ್ಲ. ಸೀಟಿನ ಅಂಚಿನವರೆಗೆ ಬಂದು ಮತ್ತೆ ಕುರ್ಚಿಗೆ ಜಾರಿದಳು. ನಾನು ಟೇಪು ತಂದು ಸೀಟನ್ನು ಪುನಃ ಅಳೆದೆ. ಅಳತೆ ಸರಿಯಾಗಿಯೇ ಇತ್ತು. ಅಕ್ಕ ಟೇಪಿನತ್ತ ನೋಡಿ ಕೇಳಿದಳು.

"ಕುರ್ಚಿ ಅಳೆದಾಗ ನಾನೆಲ್ಲಿದ್ದೆ?"

"ಮಂಚದ್ಮೇಲೆ."

"ಮತ್ತೆ? ಖಾಲಿ ಕುರ್ಚಿ ಅಳೆದಿದೀಯ. ಕೆಲ್ಸಕ್ಕೆ ಹೋಗೋದು ಕುರ್ಚೀನಾ, ನಾನಾ?"

ಅವಳು ಕುಳಿತಿದ್ದಂತೆಯೇ ಅಳೆದು ನೋಡಿದೆ. ದಿಂಬು ಮೂವತ್ತು ಮಿಲಿಮೀಟರ್ ತಗ್ಗಿತ್ತು. ಅಷ್ಟು ವರ್ಷ ನಾನು ಅಳೆದದ್ದೆಲ್ಲ ಕಬ್ಬಿಣ. ಅದು ಯಾರು ಕುಳಿತರೂ ತಗ್ಗುವಂಥದಲ್ಲ. ಈ ತಪ್ಪಿಗೆ ಬೇರೆ ಸಮಜಾಯಿಷಿ ನನ್ನಲ್ಲಿಲ್ಲ.

ಮರುದಿನ ಅಕ್ಕನನ್ನು ಎತ್ತಿ ಕೂರಿಸಿಕೊಂಡು ಕಾರ್ಖಾನೆಗೇ ಕರೆದೊಯ್ದೆ. "ಇದೇ ಕೊನೆ," ಎಂದಳು. ಊಟದ ವಿರಾಮದಲ್ಲಿ ಫಿಟ್ಟರ್ ಕಾರಿನಡಿ ಬಗ್ಗಿ ನೋಡಿ ತಲೆಯಾಡಿಸಿದರು.

"ಮೂವತ್ತೂ ಇಳಿಸಿದ್ರ ನಿಮ್ಮ ಓಣಿಯಾಗಿನ ರೋಡ್ ಹಂಪಿನ ಮ್ಯಾಲ ಕಾರು ಕುಂತ ಬಿಡ್ತೈತ್ರಿ, ಕೋಳಿ ತತ್ತಿ ಮ್ಯಾಲ ಕುಂತಂಗ."

ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು. ಅಕ್ಕ ಮೂಲೆಯಲ್ಲಿದ್ದ ಒಡೆದ ಪ್ಯಾಕಿಂಗ್ ಪೆಟ್ಟಿಗೆಯನ್ನು ದಿಟ್ಟಿಸುತ್ತಿದ್ದಳು.

"ಅಣ್ಣ, ಅರ್ಧ ಮಾತ್ರ ಇಳ್ಸಿ. ಮಿಕ್ಕ ಅರ್ಧಕ್ಕೆ ನನ್ನ ದಿಂಬಿನ ಕೆಳಗೆ ಆ ಹಲಗೆ ಹಾಕಕ್ಕಾಗಲ್ವಾ?"

ಫಿಟ್ಟರ್ ನನ್ನತ್ತ ತಿರುಗಿದರು. "ಮೇಡಂ, ಇನ್ಸ್‌ಪೆಕ್ಷನ್ನಿಗೆ ಅಕ್ಕಾರನ್ನ ಬಿಡ್ರಿ. ನೀವ ಗೋದಾಮಿಗೆ ಹೋಗ್ರಿ."

ತಟ್ಟೆಗಳು ಇನ್ನೂ ಏಳೂವರೆ ಸುತ್ತು ಕೆಳಗಿಳಿದವು. ಹದಿನೈದು ಮಿಲಿಮೀಟರ್ ದಪ್ಪದ ಹಲಗೆಯನ್ನು ಕತ್ತರಿಸಿ, ಅಂಚು ಉಜ್ಜಿ, ದಿಂಬಿನಡಿ ಇಟ್ಟೆವು. ಈ ಸಲ ಅಕ್ಕನನ್ನು ಕೂರಿಸಿಯೇ ಅಳೆದೆ. ಅವಳು ಒಂದು ಕೈ ಕುರ್ಚಿಗೆ, ಒಂದು ಕೈ ಸೀಟಿಗೆ ಊರಿದಳು. ಕ್ಷಣಕಾಲ ಎರಡರ ನಡುವೆ ನಿಂತಂತಾಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಕಣ್ಣಲ್ಲೇ ತಡೆದಳು. ನಂತರ ಸೀಟಿನ ಮೇಲಿದ್ದಳು.

ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡು, ಕನ್ನಡಿಯ ಚೀಟಿ ನೋಡಿ ಪೆನ್ನು ಕೇಳಿದಳು. ನನ್ನ ಸಹಿಯನ್ನು ಹೊಡೆದುಹಾಕಿ ಕೆಳಗೆ ತನ್ನದನ್ನು ಹಾಕಿದಳು.

ಸೋಮವಾರ ಫಿಟ್ಟರ್ ಹೇಳಿಕೊಟ್ಟಂತೆ ಓಣಿಯ ಹಂಪಿನ ಮೇಲೆ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಿದೆ. ತಳ ತಾಗಲಿಲ್ಲ. ಗೋದಾಮಿನ ಗೇಟಿನಲ್ಲಿ ಕಾವಲುಗಾರರು ನೆರವಿಗೆ ಧಾವಿಸಿದರು.

"ಕುರ್ಚಿ ಗಟ್ಟಿಯಾಗಿ ಹಿಡ್ಕೊಳಿ ಸಾರ್, ಅಷ್ಟು ಸಾಕು," ಎಂದು ಅಕ್ಕ ತಾನೇ ಇಳಿದಳು. ಇಸ್ತ್ರಿ ಸೀರೆಯ ನೆರಿಗೆ ಸರಿಪಡಿಸಿಕೊಂಡು ನನಗೆ ಹೇಳಿದಳು: "ಆರು ಗಂಟೆಗೆ ಬಾ. ಬೇಗ ಬಂದು ಗೇಟಲ್ಲಿ ಕಾಯ್ಬೇಡ."

ನಾನು ಐದೂವರೆಗೇ ಹೋಗಿ, ಗೇಟಿಗೆ ಕಾಣದಷ್ಟು ದೂರದಲ್ಲಿ ಲಾರಿಯೊಂದರ ಹಿಂದೆ ಕಾರು ನಿಲ್ಲಿಸಿಕೊಂಡಿದ್ದೆನೆಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.